ಖಲೀಲ್ ಡಾಕ್ಟ್ರ ನಂಬರು ನನ್ನ ಪಾಲಿಗೆ ಬಂದದ್ದು

"ಗೌರಿ ಎರಡು ದಿನದಿಂದ ಬಾಯಿಗೆ ಏನೂ ಮುಟ್ಟಿಸ್ತಿಲ್ಲ ಕಣಮ್ಮ. ಸುಮ್ನೆ ಗೋಡೆ ನೋಡ್ಕೊಂಡು ನಿಂತವ್ಳೆ."

ಬೆಳಗ್ಗೆ ಆರೂವರೆ. ಒಲೆಯ ಮೇಲೆ ಹಾಲು, ಕೈಯಲ್ಲಿ ಫೋನು. ಆ ಕಡೆ ಯಾರೋ ಗಂಡಸು, ದನಿಯಲ್ಲಿ ಆತಂಕ. ಯಾರೆಂದು ನನಗೆ ಗೊತ್ತಿಲ್ಲ. ಆದರೆ ಹೆಣ್ಣುಮಗಳೊಬ್ಬಳು ಎರಡು ದಿನದಿಂದ ಊಟ ಬಿಟ್ಟು ಗೋಡೆ ನೋಡುತ್ತ ನಿಂತಿದ್ದಾಳೆ ಅಂದರೆ ಫೋನ್ ಇಡಲು ಮನಸ್ಸು ಬರುತ್ತದೆಯೇ?

"ಮನೇಲಿ ಏನಾದ್ರೂ ಜಗಳ ಆಯ್ತಾ?" ಅಂದೆ, ಆದಷ್ಟು ಮೃದುವಾಗಿ.



"ಜಗ್ಳ ಯಾಕಮ್ಮ ಆಡ್ತಾಳೆ? ಪಕ್ಕದಲ್ಲಿ ಕಟ್ಟಿರೋ ಎತ್ತೂ ಅವಳ ತಂಟೆಗೆ ಬರಲ್ಲ. ಮೊನ್ನೆಯಿಂದ ಮೆಲುಕೇ ಹಾಕ್ತಿಲ್ಲ. ನೀವು ಡಾಕ್ಟ್ರಿಗೆ ಕೊಡಿ ಫೋನು."

ಗೌರಿ ಹಸು! ಈ ಜ್ಞಾನೋದಯ ಆಗುವ ಹೊತ್ತಿಗೆ ಹಾಲು ಉಕ್ಕಿ ಒಲೆ ಆರಿತ್ತು.

ಓದುಗರಲ್ಲಿ ಹಲವರಿಗೆ ಗೊತ್ತು, ನಾನು ತುಮಕೂರಿನ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವವಳು. ದನಕರುಗಳ ಬಗ್ಗೆ ನನ್ನ ಜ್ಞಾನ ಹಾಲಿನ ಪ್ಯಾಕೆಟ್ ಕತ್ತರಿಸುವಲ್ಲಿಗೆ ಮುಗಿಯುತ್ತದೆ. ಕರೆ ಬಂದದ್ದು ನನ್ನ ಹಳೆಯ ನಂಬರಿಗಲ್ಲ, ಒಂದು ವಾರದ ಹಿಂದಷ್ಟೇ ಕೊಂಡಿದ್ದ ಎರಡನೇ ಸಿಮ್ಮಿಗೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಎಲ್ಲರೂ ಈಗ ನಂಬರ್ ಕೇಳುತ್ತಾರಲ್ಲ (ಆರು ಗುಂಡಿ ಕೊಳ್ಳುವುದಕ್ಕೂ ಮೊಬೈಲ್ ನಂಬರ್ ಯಾಕೆ ಬೇಕೋ?), ಅವರಿಗೆಲ್ಲ ಕೊಡಲು ಬೇರೆಯದೇ ಒಂದಿರಲಿ ಎಂದು ತೆಗೆದುಕೊಂಡಿದ್ದೆ. ನೆನಪಿಡಲು ಸುಲಭವಾದ ನಂಬರು. "ಲಕ್ಕಿ ನಂಬರ್ ಮೇಡಂ" ಎಂದು ಅಂಗಡಿಯವನು ಬೇರೆ ಹೇಳಿದ್ದ.

ಆ ಅದೃಷ್ಟ ಗೌರಿಯ ಕರೆಯಿಂದ ಶುರುವಾಯಿತು. ಸಂಜೆಯೊಳಗೆ ಇನ್ನೂ ನಾಲ್ಕು ಕರೆ. ಒಂದು ಮೇಕೆಗೆ ಕೆಮ್ಮು. ಒಂದು ಎತ್ತು ಕುಂಟುತ್ತಿದೆ. ಒಬ್ಬಾತ ಪೀಠಿಕೆಯೇ ಇಲ್ಲದೆ, "ಸಗಣಿ ಫೋಟೋ ಕಳಿಸಿದೀನಿ, ನೋಡಿ ಹೇಳಿ" ಅಂದ. ನೋಡಿದೆ. (ಟಿಫಿನ್ ಬಾಕ್ಸ್ ಆಗಷ್ಟೇ ತೆರೆದಿದ್ದೆ. ಹೆಚ್ಚಿನ ವಿವರ ಬೇಡ.)

ಎಲ್ಲರೂ ಕೇಳುತ್ತಿದ್ದುದು ಒಬ್ಬರನ್ನೇ: ಖಲೀಲ್ ಡಾಕ್ಟ್ರು. ಗುಬ್ಬಿ ಸುತ್ತಮುತ್ತ ಮೂವತ್ತು ವರ್ಷ ಪಶುವೈದ್ಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಜನ ಫೋನ್ ಮಾಡಿ ಸಲಹೆ ಕೇಳುತ್ತಿದ್ದರಂತೆ. ಕಾಗದದ ಮೇಲೆ ಅವರು ಡಾಕ್ಟರ್ ಅಲ್ಲ. ಆದರೆ ಹಸುವಿಗೆ ಕಾಗದ ತೋರಿಸಿ ಏನಾಗಬೇಕು?

ರಾಂಗ್ ನಂಬರ್ ಎಂದು ನಾನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಇಲ್ಲ ಬುಡಮ್ಮ, ನಮ್ಮ ಕೊಟ್ಟಿಗೆ ಗೋಡೆ ಮೇಲೇ ಬರೆದೈತೆ. ಇದ್ದಿಲಲ್ಲಿ ಅವ್ರೇ ಬರೆದಿದ್ದು" ಎಂದು ಒಬ್ಬ ನನಗೇ ತಿಳಿ ಹೇಳಿದ. ಗೌರಿಯ ಯಜಮಾನ ರಂಗಪ್ಪನಿಂದ ಪೂರ್ತಿ ವಿಷಯ ತಿಳಿಯಿತು. ಡಾಕ್ಟ್ರ ಫೋನು ಒಂದು ವರ್ಷದಿಂದ ಹತ್ತುತ್ತಲೇ ಇರಲಿಲ್ಲ. ಮೊದಮೊದಲು ಸ್ವಿಚ್ ಆಫ್, ಆಮೇಲೆ 'ಈ ಸಂಖ್ಯೆ ಚಾಲ್ತಿಯಲ್ಲಿಲ್ಲ'. ಆ ಬೆಳಗ್ಗೆ, ಇರಲಿ ನೋಡೋಣ ಎಂದು ಒತ್ತಿದರೆ ರಿಂಗಾಗಿದೆ! ಎತ್ತಿದ್ದು ಹೆಂಗಸು. ಡಾಕ್ಟ್ರ ಹೆಂಡತಿಯೇ ಇರಬೇಕು. ಆತ ಟೀ ಅಂಗಡಿಗೆ ಹೋಗಿ, "ಡಾಕ್ಟ್ರ ಫೋನು ಹತ್ತೈತೆ ಕಣ್ರಲಾ" ಎಂದು ಸಾರಿಬಿಟ್ಟಿದ್ದ. ಯಾವ ಕಂಪನಿಯ ಜಾಹೀರಾತೂ ಅಷ್ಟು ಬೇಗ ಹಬ್ಬುವುದಿಲ್ಲ.

ಎರಡು ವಾರ ಇದೊಂದು ತಮಾಷೆಯಾಗಿತ್ತು. ಸ್ಟಾಫ್ ರೂಮಿನಲ್ಲಿ ನನಗೆ 'ಗೋಮಾತೆ' ಎಂದು ಹೆಸರಿಟ್ಟರು. ನಾನೂ ನಕ್ಕೆ. ಬಂದ ಕರೆಗಳಿಗೆಲ್ಲ, "ಅವರಿಲ್ಲ, ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ" ಎಂದು ಹೇಳುವುದು ಅಭ್ಯಾಸವಾಯಿತು.

ಆಮೇಲೆ ಸಿದ್ದಗಂಗಮ್ಮನ ಕರೆ ಬಂತು.

ಬೆಳ್ಳಾವಿ ಕಡೆಯ ಹೆಂಗಸು. ನಾನು ಎರಡನೇ ಬಿಕಾಂ ಕ್ಲಾಸಿನಲ್ಲಿದ್ದೆ. ಫೋನ್ ಒದರಿತು, ಕಟ್ ಮಾಡಿದೆ. ಮತ್ತೆ ಒದರಿತು, ಮತ್ತೆ ಕಟ್ ಮಾಡಿ ಸೈಲೆಂಟಿಗೆ ಹಾಕಿದೆ. ಮಧ್ಯಾಹ್ನ ನೋಡಿದರೆ ಒಂಬತ್ತು ಮಿಸ್ಡ್ ಕಾಲ್. ತಿರುಗಿ ಮಾಡಿದೆ.

"ಎಮ್ಮೆ ಉಳ್ಕೊತು. ಕರು ಉಳೀಲಿಲ್ಲ" ಅಂದಳು. ಅಳುತ್ತಿರಲಿಲ್ಲ. ಸುಸ್ತಾಗಿದ್ದಳು. "ಹಿಂಗಾಲು ಮುಂದಾಗಿ ಸಿಕ್ಕಾಕ್ಕೊಂಬುಡ್ತು. ಡಾಕ್ಟ್ರು ಕಟ್ ಮಾಡ್ತಾವ್ರೆ ಅಂದ್ರೆ ಯಾವ್ದೋ ಕೆಲ್ಸದಲ್ಲವ್ರೆ, ಇನ್ನೇನು ಮಾಡ್ತಾರೆ ಅಂತ ಕಾಯ್ಕೊಂಡು ಕೂತಿದ್ವಿ. ಇಲ್ಲ ಅಂತ ಗೊತ್ತಾಗಿದ್ರೆ ಆಗ್ಲೇ ಆಸ್ಪತ್ರೆಗೆ ಹೇಳಿ ಕಳಿಸ್ತಿದ್ವಿ."

ನನ್ನದೇನೂ ತಪ್ಪಿಲ್ಲ. ದುಡ್ಡು ಕೊಟ್ಟು ಕೊಂಡ ಸಿಮ್ಮು, ಪಾಠ ಮಾಡುವ ಹೊತ್ತು. ಎಲ್ಲ ಸರಿ. ಆದರೂ ಟಿಫಿನ್ ಬಾಕ್ಸ್ ಮುಚ್ಚಿಟ್ಟು, ಆ ಒಂಬತ್ತು ಮಿಸ್ಡ್ ಕಾಲ್‌ಗಳ ಸಮಯವನ್ನು ಒಂದೊಂದಾಗಿ ನೋಡಿದೆ. ಸತ್ತ ನಂಬರಿಗಿಂತ ಸುಳ್ಳು ಜೀವ ಇರುವ ನಂಬರು ಹೆಚ್ಚು ಅಪಾಯ ಎಂದು ಆ ದಿನ ಗೊತ್ತಾಯಿತು.

ಸಿಮ್ ತೆಗೆದು ಬಿಸಾಕಿದರೆ? ಅದೂ ಹೊಳೆಯಿತು. ಆದರೆ ಬಿಸಾಕಿದರೆ ಆಗುವುದೇನು? ಕೆಲವು ತಿಂಗಳು ಸುಮ್ಮನಿದ್ದು, ಅದೇ ನಂಬರು ಮತ್ತೊಬ್ಬರ ಕೈ ಸೇರುತ್ತದೆ. ಅವರು ಯಾರೋ, ಫೋನ್ ಎತ್ತುತ್ತಾರೋ, ಬೈಯುತ್ತಾರೋ.

ಇದನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅದೇ ವಾರ ನಾನು ಕ್ಲಾಸಿನಲ್ಲಿ 'ದೂರಸಂಪರ್ಕ ನಿಯಂತ್ರಕರ ಪಾತ್ರ' ಎಂಬ ಐದು ಅಂಕದ ಪ್ರಶ್ನೆಗೆ ನೋಟ್ಸ್ ಬರೆಸುತ್ತಿದ್ದೆ. ಹದಿನೇಳು ವರ್ಷಗಳಿಂದ ಬರೆಸುತ್ತಿರುವ ನೋಟ್ಸು. ಸೇವೆಯ ಗುಣಮಟ್ಟ ಕಾಯುವುದು, ದರಗಳಲ್ಲಿ ಪಾರದರ್ಶಕತೆ ತರುವುದು, ಪೈಪೋಟಿ ಕಾಪಾಡುವುದು, ಸರ್ಕಾರಕ್ಕೆ ಶಿಫಾರಸು ಮಾಡುವುದು, ಗ್ರಾಹಕರ ಹಿತ ರಕ್ಷಿಸುವುದು. ಕಣ್ಣು ಮುಚ್ಚಿಕೊಂಡು ಬರೆಸಬಲ್ಲೆ. ಆ ದಿನ ಮುಂದಿನ ಬೆಂಚಿನ ಕಾವ್ಯ ಎಂಬ ಹುಡುಗಿ ಪೆನ್ನು ಕೆಳಗಿಟ್ಟಳು.

"ಮೇಡಂ, ನಂಬರ್ ನಮ್ದು ಅಂತೀವಲ್ಲ, ಅದು ನಿಜವಾಗ್ಲೂ ನಮ್ದಾ?"

ಗೊತ್ತಿಲ್ಲ ಎನ್ನಲು ಮೇಷ್ಟರಿಗೆ ಬಾಯಿ ಬರುವುದಿಲ್ಲ. "ನಾಳೆ ಹೇಳ್ತೀನಿ" ಅಂದೆ. ಮನೆಗೆ ಬಂದು, ಹದಿನೇಳು ವರ್ಷದಲ್ಲಿ ಮೊದಲ ಸಲ, ನಿಯಮಗಳನ್ನು ನಿಜವಾಗಿ ಓದಿದೆ.

ನಮ್ಮದಲ್ಲ ಸ್ವಾಮಿ! ನಂಬರು ದೇಶದ ಸೊತ್ತು, ನೀರು ನೆಲ ಇದ್ದ ಹಾಗೆ. ಸರ್ಕಾರ ಅದನ್ನು ಕಂಪನಿಗಳಿಗೆ ಹಂಚುತ್ತದೆ, ಕಂಪನಿ ನಮಗೆ ಬಳಸಲು ಕೊಡುತ್ತದೆ. ಬಳಸುತ್ತಿರುವ ತನಕ ನಮ್ಮದು. ಬಳಸದೆ ಒಂದಷ್ಟು ಕಾಲ ಬಿಟ್ಟರೆ ವಾಪಸ್ಸು. ಹೊಲ ಬೀಳು ಬಿಟ್ಟ ಹಾಗೆ ಇನ್ನಷ್ಟು ದಿನ ಅದನ್ನು ಖಾಲಿ ಬಿಟ್ಟು, ಆಮೇಲೆ ಬೇರೆಯವರಿಗೆ ಕೊಡುತ್ತಾರೆ. ಇದರಲ್ಲಿ ಅನ್ಯಾಯ ಏನೂ ಇಲ್ಲ. ಹತ್ತು ಅಂಕಿಯಲ್ಲಿ ಎಷ್ಟು ನಂಬರ್ ಅಂತ ಹುಟ್ಟಿಸುವುದು?

ಆದರೆ ಆ ಬೀಳು ಹೊಲದ ಮೊದಲ ರೈತ ಎಲ್ಲಿ ಹೋದರು? ಮುಂದಿನ ಸಂತೆಯ ದಿನ ರಜೆ ಹಾಕಿ ಗುಬ್ಬಿ ಬಸ್ಸು ಹತ್ತಿದೆ.

ಪಶು ಆಹಾರ ಮಾರುವ ಅಂಗಡಿಯಲ್ಲಿ ವಿಚಾರಿಸಿದೆ. ಹಿಂಡಿ ಮೂಟೆಗಳ ಮಧ್ಯೆ ಕುಳಿತಿದ್ದ ಮಾಲೀಕ ಬಸವರಾಜಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಖಲೀಲಣ್ಣನಾ? ಅವ್ರಿಗೆ ಸ್ಟ್ರೋಕ್ ಹೊಡೀತಲ್ಲಮ್ಮ, ಹೋದ ವರ್ಷ. ಬೆಂಗಳೂರಿಗೆ ಕರ್ಕೊಂಡೋದ್ರು. ಆಮೇಲೆ ಫೋನ್ ಮಾಡುದ್ರೆ ಸ್ವಿಚ್ ಆಫು. ಮನೇನೂ ಖಾಲಿ ಮಾಡಿದ್ರು. ನಾವು..." ಎಂದು ತಡೆದು ಮೂಟೆಯ ದಾರ ಬಿಗಿ ಮಾಡಿದರು. "ನಾವು ಹೋಗ್ಬುಟ್ರು ಅಂದ್ಕೊಂಡ್ವಿ."

"ಯಾರೂ ವಿಚಾರಿಸ್ಲಿಲ್ವಾ?"

"ಫೋನೇ ಹತ್ಲಿಲ್ವಲ್ಲಮ್ಮ!"

ಖಲೀಲ್ ಡಾಕ್ಟ್ರ ಹೆಂಡತಿಯ ತವರು ಕುಣಿಗಲ್ ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ನೆನಪಿಸಿಕೊಂಡರು. ಡಾಕ್ಟ್ರ ಭಾವಮೈದ ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನಂತೆ. ಸಾಕು, ಅಷ್ಟು ಸುಳಿವು. ಭಾನುವಾರ ಕುಣಿಗಲ್‌ಗೆ ಹೋದೆ. ಮೂರನೇ ಟೈಲರ್ ಅಂಗಡಿಯಲ್ಲಿ ವಿಳಾಸ ಸಿಕ್ಕಿತು.

ಬಾಗಿಲು ತೆರೆದವರು ಖಲೀಲ್ ಸಾಹೇಬರ ಪತ್ನಿ ಮೆಹರುನ್ನೀಸಾ. ನಾನು ಯಾರೆಂದು ವಿವರಿಸಲು ಐದು ನಿಮಿಷ ಬೇಕಾಯಿತು. ("ನಿಮ್ಮ ಯಜಮಾನರ ನಂಬರ್ ನನ್ನ ಹತ್ತಿರ ಇದೆ" ಎಂದು ಶುರು ಮಾಡಿದ್ದು ತಪ್ಪಾಯಿತು. ಯಾವ ಹೆಂಡತಿಗೂ ಹಾಗೆ ಹೇಳಬಾರದು.) ವಿಷಯ ತಿಳಿದ ಮೇಲೆ ಒಳಗೆ ಕರೆದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು ಖಲೀಲ್ ಡಾಕ್ಟ್ರು. ಎತ್ತರದ ಆಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಕಣ್ಣು ಮಾತ್ರ ಚುರುಕು.

"ಮಾತು ಬರುತ್ತೆ, ಆದ್ರೆ ಆಡಲ್ಲ" ಅಂದರು ಮೆಹರುನ್ನೀಸಾ, ಅವರಿಗೆ ಕೇಳಿಸುವಂತೆಯೇ. "ದಿನಾ ಪ್ರಾಕ್ಟೀಸ್ ಮಾಡಿ ಅಂದವ್ರೆ ಆಸ್ಪತ್ರೇಲಿ. ಯಾರ ಹತ್ರ ಮಾಡ್ಲಿ ಅಂತಾರೆ. ಅಡ್ಮಿಟ್ ಆಗಿದ್ದಾಗ ನಮ್ಗೆ ಫೋನ್ ನೆನಪೇ ಬರ್ಲಿಲ್ಲ ಮೇಡಂ. ಹುಷಾರಾಗಿ ಬಂದ್ಮೇಲೆ ನಮ್ಮ ತಮ್ಮ ಹೋಗಿ ಕೇಳಿದ್ದಕ್ಕೆ, ಆ ನಂಬರ್ ಮುಗೀತು, ಹೊಸದು ತಗೊಳ್ಳಿ ಅಂದ್ರಂತೆ. ಹೊಸದು ಕೊಡಿಸಿದ್ವಿ. ಅದು ಬಡ್ಕೊಳ್ಳೋದೇ ಇಲ್ಲ."

ಖಲೀಲ್ ಸಾಹೇಬರು ಬಾಯಿ ತೆರೆದರು. ಒಂದೊಂದೇ ಪದ, ಕಲ್ಲು ಎತ್ತಿಟ್ಟಂತೆ.

"ಜನ... ಮರ್ತ್ರು... ಬುಡಿ."

ನಾನು ಏನಾದರೂ ಹೇಳುವ ಮೊದಲೇ ನನ್ನ ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ಇದನ್ನು ನಾನು ಕಥೆಗೆಂದು ಸೇರಿಸಿದೆ ಅಂದುಕೊಳ್ಳಬೇಡಿ. ದಿನಕ್ಕೆ ಇಪ್ಪತ್ತು ಕರೆ ಬರುವ ಫೋನು, ಅರ್ಧ ಗಂಟೆ ಕೂತರೆ ಬಡಿಯದೆ ಇರುತ್ತದೆಯೇ? ಎತ್ತಿದೆ. ಊರ್ಡಿಗೆರೆ ಕಡೆಯ ಒಬ್ಬ ಮುದುಕ. ಹಸುವಿನ ಎಡ ಪಕ್ಕೆ ಉಬ್ಬಿದೆಯಂತೆ.

ಸ್ಪೀಕರ್ ಹಾಕಿ, ಏನೂ ಹೇಳದೆ ಅವರ ಎಡಗೈಗೆ ಫೋನ್ ಕೊಟ್ಟೆ.

ಆ ಕಡೆಯವನು ತನ್ನ ಹೆಸರು, ಊರು, ಮನೆಯ ಗುರುತು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಖಲೀಲ್ ಸಾಹೇಬರ ತುಟಿ ಅಲ್ಲಾಡಿತು. ದನಿ ಹೊರಡಲಿಲ್ಲ. ಮೆಹರುನ್ನೀಸಾ ಸೆರಗು ಬಾಯಿಗೆ ಒತ್ತಿಕೊಂಡರು.

"ಹೆಸ್ರು... ಬ್ಯಾಡ" ಅಂದರು ಕೊನೆಗೆ. "ಹಸ... ಯಾವ್ದು? ಕಪ್ಪುದಾ?"

"ಕಪ್ಪುದೇ ಡಾಕ್ಟ್ರೇ! ನೀವೇ ಗಬ್ಬಕ್ಕೆ ಸೂಜಿ ಹಾಕಿದ್ರಲ್ಲ, ಅದ್ರ ಮಗ್ಳು! ಹುಷಾರಾಗಿದೀರಾ ಡಾಕ್ಟ್ರೇ? ನೀವು... ನೀವಿಲ್ಲ ಅಂದಿದ್ರಲ್ಲ!"

"ಇದೀನಿ. ಹಸಿ ಹುಲ್ಲು... ತಿಂತಾ? ಬೆಳಗ್ಗೆ?"

ತಿಂದಿತ್ತು. ಮಳೆಯಲ್ಲಿ ನೆಂದ ಹುಲ್ಲು, ಹೊಟ್ಟೆ ತುಂಬ. ಮುಂಗಾಲು ಎತ್ತರದ ಜಾಗದಲ್ಲಿರುವಂತೆ ನಿಲ್ಲಿಸು, ಮಲಗಲು ಬಿಡಬೇಡ, ಈಗಲೇ ಆಸ್ಪತ್ರೆಗೆ ಫೋನ್ ಮಾಡು. ಇಷ್ಟನ್ನು ಹೇಳಲು ಅವರಿಗೆ ನಾಲ್ಕು ನಿಮಿಷ ಬೇಕಾಯಿತು. ಆ ಮುದುಕ ಒಂದು ಸಲವೂ ಅವಸರ ಮಾಡಲಿಲ್ಲ. "ಹೂಂ ಡಾಕ್ಟ್ರೇ, ಹೇಳಿ ಡಾಕ್ಟ್ರೇ" ಎನ್ನುತ್ತ ಕಾದ.

ಕರೆ ಮುಗಿದ ಮೇಲೆ ಮೆಹರುನ್ನೀಸಾ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಟೀ ಮಾಡಿದರು. ನಾನು ಕಿಟಕಿಯಿಂದಾಚೆ ನೋಡುತ್ತ ಕೂತೆ. ಆ ನಂಬರನ್ನು ಅದರ ಯಜಮಾನರಿಗೆ ಕೊಟ್ಟುಬಿಡಬೇಕು ಎಂದು ತೀರ್ಮಾನ ಆಗಿಹೋಗಿತ್ತು. ಅಲ್ಲಿಯ ತನಕ ಕರೆ ಮಾಡಿದವರಿಗೆ ಅವರ ಹೊಸ ನಂಬರ್ ಹೇಳುತ್ತಿದ್ದೆ, ಆದರೆ ಕೊಟ್ಟಿಗೆಯ ಗೋಡೆಗಳ ಮೇಲಿದ್ದದ್ದು ಹಳೆಯದೇ.

ಸಿಮ್ ಬಿಚ್ಚಿ ಕೊಟ್ಟರಾಯಿತಲ್ಲ ಅನ್ನುತ್ತೀರಾ? ಅದು ಕಾನೂನಿಗೆ ವಿರುದ್ಧ. ನನ್ನ ಆಧಾರ್ ಮೇಲಿನ ಸಿಮ್ ಬೇರೆಯವರು ಬಳಸುವಂತಿಲ್ಲ. ಹೆಸರು ಬದಲಾವಣೆ ಆಗಬೇಕು. ತುಮಕೂರಿನ ಶೋರೂಮಿಗೆ ಹೋದೆ. (ಕಂಪನಿಯ ಹೆಸರು ಹೇಳುವುದಿಲ್ಲ. ಎಲ್ಲವೂ ಒಂದೇ ಬಳ್ಳಿಯ ಕಾಯಿ.) ಕೌಂಟರಿನ ಹುಡುಗಿ ನಕ್ಕು ಮಾತಾಡಿಸಿದಳು.

"ರಕ್ತಸಂಬಂಧಿಗಳಿಗೆ ಮಾತ್ರ ಆಗುತ್ತೆ ಮೇಡಂ. ನಿಮ್ಗೂ ಅವ್ರಿಗೂ ಸಂಬಂಧ ಏನು?"

"ರಾಂಗ್ ನಂಬರ್" ಅಂದೆ.

ಅವಳ ಕಂಪ್ಯೂಟರಿನಲ್ಲಿ ಅದಕ್ಕೆ ಆಪ್ಷನ್ ಇರಲಿಲ್ಲ. "ಅದು ರೂಲ್ಸ್ ಮೇಡಂ. ದೆಹಲಿಯಿಂದ ಬಂದಿರೋದು, ನಾವೇನೂ ಮಾಡಕ್ಕಾಗಲ್ಲ" ಅಂದಳು.

ದೆಹಲಿಯದೇ? ಸರಿ, ದೆಹಲಿಗೇ ಬರೆದೆ. ನಿಯಂತ್ರಕರಿಗೆ ಎರಡು ಪುಟದ ಇಮೇಲ್. ಗೌರಿಯಿಂದ ಹಿಡಿದು ಸಿದ್ದಗಂಗಮ್ಮನ ಕರುವಿನ ತನಕ. ಭಾರತದ ದೂರಸಂಪರ್ಕ ಇತಿಹಾಸದಲ್ಲಿ ಇಷ್ಟು ಸಗಣಿ ಇರುವ ದೂರು ಮತ್ತೊಂದಿರಲಾರದು. ಕೆಲವು ದಿನಗಳಲ್ಲಿ ಸಭ್ಯವಾದ ಉತ್ತರ ಬಂತು: ನಾವು ಒಬ್ಬೊಬ್ಬ ಗ್ರಾಹಕರ ದೂರು ವಿಚಾರಿಸುವುದಿಲ್ಲ, ನಿಮ್ಮ ಪತ್ರವನ್ನು ಕಂಪನಿಗೆ ಕಳಿಸಿದ್ದೇವೆ, ಮೊದಲು ಅವರ ದೂರು ಕೇಂದ್ರ, ಅಲ್ಲಿ ಪರಿಹಾರ ಸಿಗದಿದ್ದರೆ ಅವರದೇ ಮೇಲ್ಮನವಿ ಪ್ರಾಧಿಕಾರ.

ಓದಿದ ತಕ್ಷಣ ಮೈ ಉರಿಯಿತು. 'ಗ್ರಾಹಕರ ಹಿತ ರಕ್ಷಿಸುವುದು' ಎಂದು ಹದಿನೇಳು ವರ್ಷ ಬರೆಸಿದ ಕೈ ಇದು! ಆಮೇಲೆ ತಣ್ಣಗೆ ಯೋಚಿಸಿದೆ. ಕ್ರಿಕೆಟ್ಟಿನಲ್ಲಿ ಅಂಪೈರು ಬಂದು ನಮ್ಮ ಬದಲು ಬ್ಯಾಟ್ ಬೀಸುತ್ತಾನೆಯೇ? ಆಟದ ನಿಯಮ ಹಾಕುವುದು, ಕಂಪನಿಗಳು ಅದನ್ನು ಮೀರದಂತೆ ನೋಡುವುದು ಅವರ ಕೆಲಸ. ಆಡಬೇಕಾದವರು ನಾವೇ. ನಂಬರ್ ಬದಲಿಸದೆ ಕಂಪನಿ ಬದಲಿಸುವ ಹಕ್ಕು ಸಿಕ್ಕದ್ದು ಅವರಿಂದ. ಮಾರ್ಕೆಟಿಂಗ್ ಕರೆ ಬೇಡ ಎನ್ನುವ ವ್ಯವಸ್ಥೆ ಬಂದದ್ದೂ ಅವರಿಂದ (ಕರೆಗಳು ನಿಂತಿಲ್ಲ, ಆ ಮಾತು ಬೇರೆ). ದೂರು ಕೊಟ್ಟರೆ ಕಂಪನಿ ಅದಕ್ಕೊಂದು ಸಂಖ್ಯೆ ಕೊಡಲೇಬೇಕು, ಇಂತಿಷ್ಟು ದಿನದಲ್ಲಿ ಉತ್ತರಿಸಲೇಬೇಕು ಎಂದು ಕಟ್ಟು ಮಾಡಿದವರೂ ಅವರೇ. ದೂರಿನಿಂದ ಮೇಲ್ಮನವಿಗೆ ಹೀಗೊಂದು ಏಣಿ ಇಟ್ಟಿದ್ದಾರೆ. ಹತ್ತಿದವರು ಎಷ್ಟು ಜನ? ನಾನಂತೂ ಒಮ್ಮೆಯೂ ಹತ್ತಿರಲಿಲ್ಲ.

ಹತ್ತಿದೆ. ಕಾಲ್ ಸೆಂಟರಿಗೆ ಫೋನ್ ಮಾಡಿ ದೂರು ಬರೆಸಿದೆ, ಸಂಖ್ಯೆ ಪಡೆದೆ. ಮೂರನೇ ದಿನ ಮೆಸೇಜು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ'. ಏನು ಪರಿಹಾರ? ದೇವರಿಗೇ ಗೊತ್ತು. ಅದೇ ಸಂಖ್ಯೆ ಹಾಕಿ ಮೇಲ್ಮನವಿ ಸಲ್ಲಿಸಿದೆ. ರಕ್ತಸಂಬಂಧದ ಷರತ್ತು ಯಾವ ನಿಯಮದಲ್ಲಿದೆ, ಪ್ರತಿ ಕೊಡಿ ಎಂದು ಒಂದೇ ಒಂದು ಪ್ರಶ್ನೆ ಕೇಳಿದೆ.

ಎರಡು ವಾರದ ಮೇಲೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಫೋನ್ ಮಾಡಿದರು. ಸ್ವಲ್ಪ ಮುಜುಗರದ ದನಿ. "ಮೇಡಂ, ಅದು ದೆಹಲಿ ರೂಲ್ ಅಲ್ಲ, ನಮ್ಮ ಶೋರೂಮಿನವ್ರು ಮಾಡ್ಕೊಂಡಿರೋ ಪದ್ಧತಿ. ನೀವಿಬ್ರೂ ದಾಖಲೆ ತಗೊಂಡು ಒಟ್ಟಿಗೆ ಬಂದು ಒಪ್ಪಿಗೆ ಕೊಟ್ರೆ ಆಗುತ್ತೆ."

ಅಷ್ಟೇ! ದೆಹಲಿಯ ಹೆಸರು ಹೇಳಿ ನಮ್ಮೂರಿನ ಕೌಂಟರುಗಳಲ್ಲಿ ಇನ್ನೂ ಎಷ್ಟು ನಿಯಮ ಓಡಾಡುತ್ತಿವೆಯೋ.

ಖಲೀಲ್ ಸಾಹೇಬರನ್ನು ಭಾವಮೈದ ಕಾರಿನಲ್ಲಿ ತುಮಕೂರಿಗೆ ಕರೆತಂದ. ಶೋರೂಮಿನಲ್ಲಿ ಮತ್ತೊಂದು ತೊಡಕು. ಸಹಿ. ಬಲಗೈ ಏಳುವುದಿಲ್ಲ, ಎಡಗೈಯ ಸಹಿ ಹಳೆಯ ದಾಖಲೆಗೆ ಹೊಂದುವುದಿಲ್ಲ. ಕೌಂಟರಿನ ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಮೇಲ್ಮನವಿ ಸಂಖ್ಯೆ ಇದ್ದ ಕಾಗದವನ್ನು ನಾನು ಮೆಲ್ಲಗೆ ಮುಂದೆ ತಳ್ಳಿದೆ.

"ಬಲಗೈ ಹೆಬ್ಬೆಟ್ಟು ಒತ್ತಿ ಸಾರ್" ಅಂದಳು. ಕೌಂಟರಿನ ಈಚೆಗೆ ಬಂದು, ಆ ಮಲಗಿದ ಕೈಯನ್ನು ತಾನೇ ಎತ್ತಿ, ಮಿಷನ್ನಿನ ಮೇಲೆ ಹೆಬ್ಬೆರಳನ್ನು ಮೆತ್ತಗೆ ಇಟ್ಟಳು. ಹಸಿರು ದೀಪ ಹತ್ತಿತು.

"ಥ್ಯಾಂಕ್ಸ್... ಮಗಾ" ಅಂದರು ಖಲೀಲ್ ಸಾಹೇಬರು. ಪದಗಳ ನಡುವಿನ ಅಂತರ ಅಷ್ಟರಲ್ಲೇ ಕೊಂಚ ಕಡಿಮೆಯಾಗಿತ್ತು.

ಇದಾಗಿ ಎರಡು ತಿಂಗಳು. ಮೊನ್ನೆ ಮೆಹರುನ್ನೀಸಾ ನನ್ನ ಹಳೆಯ ನಂಬರಿಗೆ ಫೋನ್ ಮಾಡಿದ್ದರು. "ಬೆಳಗ್ಗೆಯಿಂದ ಸಂಜೆ ತನಕ ಮಾತೇ ಮಾತು ಮೇಡಂ. ಊಟಕ್ಕೆ ಕರುದ್ರೂ ಬರಲ್ಲ. ಆ ಸಿಮ್ ವಾಪಸ್ ತಗೊಂಡೋಗಿ" ಎಂದು ನಕ್ಕರು. ಪಶು ಆಹಾರದ ಬಸವರಾಜಪ್ಪನವರು ಕುಣಿಗಲ್‌ಗೆ ಹೋಗಿ, ತಲೆ ತಗ್ಗಿಸಿಕೊಂಡು ಒಂದು ಗಂಟೆ ಕೂತು ಬಂದರಂತೆ. ಸಿದ್ದಗಂಗಮ್ಮನಿಗೆ ನಾನೇ ಹೊಸ ಸುದ್ದಿ ತಿಳಿಸಿದೆ. "ಬುಡಮ್ಮ, ಮುಂದಿನ ಸೂಲಿಗಾದ್ರೂ ಅವ್ರೇ ಸಿಗ್ತಾರಲ್ಲ" ಅಂದಳು. ಅವಳು ಕ್ಷಮಿಸಿದಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಗುಬ್ಬಿಯಿಂದ ಕುಣಿಗಲ್ ಎಷ್ಟು ದೂರ? ಬಸ್ಸು ಬದಲಿಸಿದರೂ ಅರ್ಧ ದಿನದಲ್ಲಿ ಹೋಗಿ ಬರಬಹುದು. ಒಂದು ವರ್ಷದಲ್ಲಿ ಒಬ್ಬರೂ ಹೋಗಲಿಲ್ಲ. ಕೆಟ್ಟವರೆಂದಲ್ಲ. ಫೋನು ಹತ್ತಲಿಲ್ಲ, ಅಷ್ಟೇ.

ಕಂಪನಿಗಳನ್ನು ನೋಡಿಕೊಳ್ಳಲು ದೆಹಲಿಯಲ್ಲಿ ನಿಯಂತ್ರಕರಿದ್ದಾರೆ. ನಂಬರು ಸ್ವಿಚ್ ಆಫ್ ಎಂದ ಕೂಡಲೇ ಮನುಷ್ಯನನ್ನೇ ಕೈಬಿಡುವ ನಮ್ಮನ್ನು ನೋಡಿಕೊಳ್ಳುವವರು ಯಾರು?